ಹನಿ ಬಿದ್ದ ಕಣ್ಣು, ದಾಟದ ಕುರಿ

"ಗಾಡಿ ನಾನ ಹೊಡ್ಯಾಂವ! ಯಾರ ಅಡ್ಡ ಬರತಾರೋ ಬರ್ಲಿ!" ಯಾದಗಿರಿಯ ಕಣ್ಣಿನ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಮಹಾರಾಜನಂತೆ ಘೋಷಿಸಿದ ಅಮೋಘಸಿದ್ದ.

ಒಳಗೆ ನರ್ಸ್ ಸಮ್ರೀನ್ ಅವನ ಕಣ್ಣಿಗೆ ಹನಿ ಹಾಕಿ, "ಕಾಕಾ, ಕಣ್ಣಿನ ಪಾಪೆ ಅಗಲ ಆಗ್ತಾವ. ಸಂಜಿತನಕ ಗಾಡಿ ಹೊಡೀಬ್ಯಾಡ್ರಿ" ಎಂದಿದ್ದಳು. ಅಗಲವಾದರೆ ಇನ್ನೂ ಹೆಚ್ಚು ಕಾಣಬೇಕಲ್ಲ? ಬಾಗಿಲು ದೊಡ್ಡದಾದಷ್ಟೂ ಬೆಳಕು ಹೆಚ್ಚು ತಾನೆ! ಕುತೂಹಲ ತಡೆಯಲಾರದೆ ಬೈಕಿನ ಕನ್ನಡಿಯಲ್ಲಿ ಇಣುಕಿದ. ಮುಖವೇ ಇಲ್ಲ, ಬರೀ ಮಂಜು. ದೂರದ ಬೇವಿನಮರ ಮಾತ್ರ ಕಂಡಿತು.

"ನನ್ನ ಮಾರಿ ನೋಡಿ ಏನ ಮಾಡೋದೈತಿ? ದಾರಿ ಕಂಡ್ರ ಸಾಕು!"

"ಬಸ್ಸಿಗೆ ಹೋಗೂನು ನಡೀರಿ" ಎಂದಳು ಹೆಂಡತಿ ಮಹಾನಂದಾ.

"ಬಸ್ಸು ಮುಟ್ಟೂದ್ರಾಗ ಕುರಿ ಈದಿರತೈತಿ!"

ಶಹಾಪುರದ ಹತ್ತಿರದ ಅವರ ಹಳ್ಳಿಯಲ್ಲಿ ಕುರಿಯೊಂದು ಚೊಚ್ಚಲ ಮರಿ ಹಾಕುವುದರಲ್ಲಿತ್ತು. ಹತ್ತಿರ ಇದ್ದವಳು ಮಗಳು ನಂದಿನಿ ಒಬ್ಬಳೇ. ತನ್ನ ಕೈ ಇಲ್ಲದೆ ಮರಿ ಉಳಿಯುತ್ತದೋ ಇಲ್ಲವೋ ಎಂದು ಅವನ ಜೀವ ಹೊಯ್ದಾಡುತ್ತಿತ್ತು.

ಹೊರಟೇಬಿಟ್ಟರು. ಮಹಾನಂದಾ ಹೆದರಿ ಕಣ್ಣು ಮುಚ್ಚಿ ಹಿಂದೆ ಕುಳಿತಳು. ಎದುರು ಬಂದ ಲಾರಿಯ ಗಾಜು ಧಗಧಗ ಉರಿಯಿತು. ರಸ್ತೆಯ ತುಂಬ ಹಾಲು ಚೆಲ್ಲಿದಂಥ ಬಿಳುಪು. ಅಬ್ಬಬ್ಬಾ, ಇಷ್ಟು ಬೆಳಕು ಇಷ್ಟು ದಿನ ಎಲ್ಲಿ ಅಡಗಿತ್ತು ಎಂದು ಅಮೋಘಸಿದ್ದನಿಗೆ ಸೋಜಿಗ! ತಿರುವಿನಲ್ಲಿ ಗಕ್ಕನೆ ಬ್ರೇಕ್ ಒತ್ತಿದ.

"ಯಾಕ ನಿಂತ್ರಿ?"

"ಕುರಿ ದಾಟಾಕತ್ತಾವ."

ಕುರಿ ಕಾಯುವ ಮನೆತನದವನು ಕುರಿಗೆ ಹಾರ್ನ್ ಹೊಡೆಯುವುದುಂಟೆ? ಶಿವ ಶಿವಾ! ಗಾಡಿ ಬಂದ್ ಮಾಡಿ, "ಹುರ್ರ್ರ್... ನಡೀರೆವ್ವಾ" ಎಂದು ರಮಿಸತೊಡಗಿದ. ಕುರಿಗಳು ಜಪ್ಪಯ್ಯ ಅನ್ನಲಿಲ್ಲ. ರಸ್ತೆಗೆ ಅಡ್ಡವಾದ ಬೈಕಿನ ಹಿಂದೆ ಬಸ್ಸೊಂದು ಬಂದು ನಿಂತು ಬೊಬ್ಬೆ ಹೊಡೆಯಿತು.

"ತಡಿಯೋ! ಗಬ್ಬದ ಕುರಿ ಅದಾವ, ಗಾಬರಿ ಆಗತಾವ!"

ಬಸ್ಸಿನ ಡ್ರೈವರ್ ಇಳಿದು ಬಂದ. "ಯಜಮಾನ್ರ, ಅವು ಎಂದ ದಾಟತಾವ್ರಿ? ಸುಣ್ಣ ಹಚ್ಚಿದ ಕಲ್ಲದಾವ!"

ಮಹಾನಂದಾ ಕಣ್ಣು ಬಿಟ್ಟಳು. ಕಾಲುವೆ ದಂಡೆಗೆ ನೆಟ್ಟ ಬಿಳಿ ಕಲ್ಲುಗಳು! ಮುಂದಿನ ಗಾಲಿ ಅವಕ್ಕೆ ತಾಗುವಂತೆ ನಿಂತಿತ್ತು, ಅದರಾಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಅಮೋಘಸಿದ್ದ ಒಂದು ಕಲ್ಲನ್ನು ಸವರಿ ನೋಡಿದ. ಉಣ್ಣೆ ಇಲ್ಲ!

ಡ್ರೈವರ್ ಬೈಕನ್ನು ಬದಿಗೆ ತಳ್ಳಿದ. ಮಹಾನಂದಾ ಚಾವಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಣ್ಣು ತಿಳಿ ಆಗೂತನಕ ಇಲ್ಲೇ ಕೂಡ್ರಿ!"

ಜಾಲಿಗಿಡದ ನೆರಳಲ್ಲಿ ಅವನು ಕುಳಿತ. ಎಷ್ಟೋ ಹೊತ್ತಿಗೆ ಫೋನು ಬಂತು. ಯಾರದೆಂದು ಓದಲಾಗದೆ ಹೆಂಡತಿಗೆ ಕೊಟ್ಟ, ಅವಳು ಸ್ಪೀಕರ್ ಹಾಕಿದಳು.

"ಯಪ್ಪಾ, ಕುರಿ ಈದೈತಿ! ಅವಳಿ ಮರಿ!" ನಂದಿನಿಯ ದನಿ.

ಸಂತೋಷಕ್ಕೆ ಅವನು ಎದ್ದೇ ನಿಂತ. ಆದರೂ ಯಜಮಾನಿಕೆ ಬಿಡಲಾದೀತೆ? "ಎರಡೂ ಬರೋಬರಿ ಅದಾವಿಲ್ಲೋ? ಚಂದಾಗಿ ನೋಡಿದೇನವ್ವಾ?"

"ಎದ್ದು ಅಡ್ಡಾಡಾಕತ್ತಾವ ಯಪ್ಪಾ!"

ಮಹಾನಂದಾ ನಿಟ್ಟುಸಿರು ಬಿಟ್ಟಳು. "ಅಡ್ಡಾಡಾಕತ್ತಾವಂದ್ರ ಖರೇ ಕುರೀನ ಬಿಡ್ರಿ!"