ಬಿಸಿಲಪ್ಪನ ಹಾಸಿಗೆ

ಎಲ್ಲ ರಗಳೆಗೂ ಮೂಲ ಹಾಸಿಗೆಗಳು. ಹೋದ ವರ್ಷ ಒಂದು ಭಾನುವಾರ ಹವಾಮಾನ ಕಚೇರಿಯ ಅಧಿಕಾರಿ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ಪಕ್ಕದ ಮನೆಯ ದರ್ಜಿ, "ಸಾರ್, ಇವತ್ತು ಹೇಗೆ?" ಅಂತ ಕೇಳಿದ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಇವನು, "ಕಡುಬಿಸಿಲು ಕಣ್ರೀ, ಧಾರಾಳವಾಗಿ ಒಣಗಿಸ್ಕೊಳ್ಳಿ" ಅಂದುಬಿಟ್ಟ. ಬೀದಿಗೆ ಬೀದಿಯೇ ಹತ್ತಿಯ ಹಾಸಿಗೆಗಳನ್ನು ಹೊತ್ತು ಮಹಡಿಗೆ ಹಾಕಿತು. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಆಕಾಶ ತೂತುಬಿದ್ದ ಹಾಗೆ ಮಳೆ ಸುರಿಯಿತು. ಆಮೇಲೆ ಎಷ್ಟೋ ದಿನ ಎಲ್ಲರೂ ಚಾಪೆಯ ಮೇಲೆ ಮಲಗಿದರು. ದರ್ಜಿಯ ಹಾಸಿಗೆಯಲ್ಲಿ ಅಣಬೆ ಎದ್ದಿತು ಎಂದೂ ಸುದ್ದಿ. ಅಂದಿನಿಂದ ಅಧಿಕಾರಿಯ ಹೆಸರು ಬಿಸಿಲಪ್ಪ.

ಹೆಸರಿಟ್ಟು ಸುಮ್ಮನಾಗಿದ್ದರೆ ಚಿಂತೆಯಿರಲಿಲ್ಲ. ಬೀದಿ ಒಂದು ನಿಯಮವನ್ನೂ ಮಾಡಿಕೊಂಡಿತು: ಬಿಸಿಲಪ್ಪ ಹೇಳಿದ್ದಕ್ಕೆ ತದ್ವಿರುದ್ಧವಾಗಿ ನಡೆಯಬೇಕು. ಅವನು ಮೋಡ ಅಂದರೆ ಬಟ್ಟೆ ಒಗೆಯುವುದು, ಬಿಸಿಲು ಅಂದರೆ ಛತ್ರಿ ಹಿಡಿಯುವುದು. ಹತ್ತಕ್ಕೆ ಒಂಬತ್ತು ಸಲ ಅವನ ಮಾತೇ ನಿಜವಾಗುತ್ತಿತ್ತು, ಆದರೆ ಬೀದಿಯ ನೆನಪಲ್ಲಿ ಉಳಿಯುತ್ತಿದ್ದದ್ದು ಆ ಹತ್ತನೆಯದು ಮಾತ್ರ. ಅವನ ಮನೆಯಲ್ಲೇ ಇದ್ದ ಹೆಂಡತಿಯ ತಾಯಿ ಕೂಡ, "ಅಳಿಯಂದಿರು ಇವತ್ತು ಏನಂದ್ರು?" ಅಂತ ಮಗಳನ್ನು ಕೇಳಿ, ತಿರುಗಿಸಿ ಅರ್ಥಮಾಡಿಕೊಂಡೇ ಹೊರಗೆ ಹೊರಡುತ್ತಿದ್ದರು.

ಹೀಗಿರುವಾಗ ಒಂದು ದಿನ ಸಮುದ್ರದಲ್ಲಿ ವಾಯುಭಾರ ಕುಸಿದು ಒಂದು ಸುಳಿ ಬೆಳೆಯುತ್ತಿತ್ತು. ಅದು ಉತ್ತರಕ್ಕೆ ಸರಿದು ದೂರ ಹೋಗುತ್ತದೆಂದು ಕಚೇರಿಯವರೆಲ್ಲ ರಾತ್ರಿಯೇ ತೀರ್ಮಾನಿಸಿ ಮಲಗಿದ್ದರು. ರಾತ್ರಿಯ ಚಿತ್ರದಲ್ಲಿ ಕಾಣುವುದು ದಟ್ಟ ಮೋಡದ ನೆತ್ತಿ ಮಾತ್ರ. ಸುಳಿಯ ಕೇಂದ್ರವೂ ಅದರ ಕೆಳಗೇ ಇರಬೇಕೆಂದು ಗುರುತು ಹಾಕಿದ್ದರು. ಬೆಳಕು ಹರಿದ ಮೇಲೆ ಉಪಗ್ರಹದಿಂದ ಮೊದಲ ಚಿತ್ರ ಬಂದಾಗ ಬಿಸಿಲಪ್ಪನ ಚಹಾ ಅಂಗಿಯ ಮೇಲೆ ಚೆಲ್ಲಿತು. ದಟ್ಟ ಮೋಡದಿಂದ ಎಷ್ಟೋ ಆಚೆ, ತೆಳ್ಳಗಿನ ಕೆಳಮೋಡಗಳು ಬಚ್ಚಲ ತೂತಿನ ಬಳಿ ನೀರು ತಿರುಗುವಂತೆ ಸುತ್ತುತ್ತಿದ್ದವು. ಕೇಂದ್ರ ಅಲ್ಲಿತ್ತು! ಎಲ್ಲರೂ ಬರೀ ರುಮಾಲು ನೋಡಿ ತಲೆ ಅದರ ಕೆಳಗೇ ಇದೆ ಅಂದುಕೊಂಡಿದ್ದರು.

"ಸಾರ್, ಇದು ಉತ್ತರಕ್ಕೆ ಹೋಗಲ್ಲ. ನೇರ ನಮ್ಮೂರಿಗೇ ಬರ್ತಿದೆ. ಸಂಜೆ ಹೊತ್ತಿಗೆ ದಡ ಮುಟ್ಟುತ್ತೆ" ಅಂತ ಅವನು ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದ.

"ಕಂಪ್ಯೂಟರ್‌ಗಳೆಲ್ಲ ಉತ್ತರ ಅಂತಿವೆಯಲ್ರೀ?"

"ಕಂಪ್ಯೂಟರ್‌ಗೆ ನಾವು ಕೊಟ್ಟ ಜಾಗಾನೇ ತಪ್ಪು ಸಾರ್. ಹೊರಟ ಊರೇ ತಪ್ಪಾದ್ರೆ ಸೇರೋ ಊರು ಸರಿಯಾಗುತ್ತಾ?"

ಸಾಹೇಬರು ಚಿತ್ರವನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಆಯ್ತು, ಎಚ್ಚರಿಕೆ ಹೊರಡಿಸಿ. ಆದ್ರೆ ಹೆಸರು ನಿಮ್ಮದೇ ಇರಲಿ. ತಪ್ಪಾದ್ರೆ ತಲೆದಂಡಾನೂ ನಿಮ್ಮದೇ."

ಬಿಸಿಲಪ್ಪನ ಎದೆ ಉಬ್ಬಿತು. ಬಂದರಿನಲ್ಲಿ ಅಪಾಯದ ಬಾವುಟ ಏರಿತು, ಟೀವಿಯಲ್ಲಿ ಎಚ್ಚರಿಕೆಯ ಜೊತೆ ಅವನ ಹೆಸರೂ ಫೋಟೋವೂ ಬಂದವು. ಅದಾದ ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು.

"ರೀ, ಟೀವಿಯೋರಿಗೆ ನಿಮ್ಮ ಹೆಸರು ಕೊಟ್ಟಿದ್ದು ಯಾರು?"

"ಯಾಕೆ? ಜನ ಹೊಗಳ್ತಿದಾರಾ?"

"ಹಾಸಿಗೆಗಳು ಮಹಡಿಗೆ ಹೋಗ್ತಿವೆ. ಒಂದೂ ಮನೆ ಬಿಟ್ಟಿಲ್ಲ. ದೋಣಿಯಮ್ಮ ಮೀನಿಗೆ ಕಳ್ಸೋಕೆ ದೋಣಿಗಳಿಗೆ ಡೀಸೆಲ್ ತುಂಬಿಸ್ತಿದಾರೆ."

ಬಿಸಿಲಪ್ಪ ಸ್ಕೂಟರ್ ಹತ್ತಿ ಓಡಿದ. ಬೀದಿಯ ಮಹಡಿಗಳ ಮೇಲೆ ಜಾತ್ರೆ ನೆರೆದಂತಿತ್ತು. ದರ್ಜಿ ಹೊಸ ಹಾಸಿಗೆಯನ್ನು ಕೋಲಿನಿಂದ ಬಡಿಯುತ್ತಿದ್ದ. ಬಿಸಿಲಪ್ಪ ಫೋನಿನಲ್ಲಿ ಸುಳಿಯ ಚಿತ್ರ ತೋರಿಸಿ, "ನೋಡ್ರೀ, ಇದು ಇಲ್ಲಿಗೇ ಬರ್ತಿದೆ! ನಿಮ್ಮ ಅಂಗಡಿಯ ತಗಡಿನ ಸೂರು ಉಳಿಯಲ್ಲ!" ಎಂದು ಗೋಗರೆದ.

"ಚಿತ್ರ ಚೆನ್ನಾಗಿದೆ ಸಾರ್. ಆದ್ರೆ ನಮ್ಮನೆ ಅಣಬೆಯ ಚಿತ್ರ ನೋಡಿದ್ರಾ ನೀವು?" ಅಂದ ದರ್ಜಿ, ಮತ್ತೊಂದು ಏಟು ಬಿಟ್ಟ.

ಸಮುದ್ರದ ಕಡೆ ಓಡಿದರೆ ಅಲ್ಲಿ ಇನ್ನೂ ಘೋರ. ಅರ್ಧ ಬೀದಿಗೆ ಕೆಲಸ ಕೊಟ್ಟಿದ್ದ ದೋಣಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. "ಅಕ್ಕಾ, ನಿಮ್ಮ ಕಾಲು ಹಿಡೀತೀನಿ, ಇವತ್ತು ದೋಣಿ ಕಳಿಸ್ಬೇಡಿ!" ಅಂದ ಬಿಸಿಲಪ್ಪ.

"ಬಾವುಟ ನೋಡಿ ನಂಗೂ ಎದೆ ಹೊಡ್ಕೊಳ್ತಿತ್ತು ತಮ್ಮಾ. ಆಮೇಲೆ ಹೇಳಿದ್ದು ನೀನು ಅಂತ ಗೊತ್ತಾಯ್ತು, ಜೀವ ಬಂದಂಗಾಯ್ತು. ನೀನು ಬರುತ್ತೆ ಅಂದ್ಯಲ್ಲ, ಅಷ್ಟು ಸಾಕು. ನನ್ನ ಹುಡುಗರು ಧೈರ್ಯವಾಗಿ ಹೋಗ್ತಾರೆ."

ಬಿಸಿಲಪ್ಪ ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯಲಿಲ್ಲ. ಆ ಹುಡುಗರನ್ನೆಲ್ಲ ಅವನು ಬಲ್ಲ, ದಿನಾ ಅವನನ್ನು ನೋಡಿ ಬೇಕಂತಲೇ ಛತ್ರಿ ಬಿಚ್ಚುವ ಪೋಕರಿಗಳು. ಅವರಲ್ಲಿ ಒಬ್ಬನೂ ವಾಪಸು ಬರುವುದಿಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು. ಅಳು ಒತ್ತರಿಸಿ ಬಂದು ಮಂಚದ ಮೇಲೆ ಕುಸಿದ. ಕುಸಿದವನು ಹಾಸಿಗೆಯನ್ನು ಕೈಯಿಂದ ಒಮ್ಮೆ ಒತ್ತಿ ನೋಡಿದ. ಮದುವೆಯಲ್ಲಿ ಬಂದ ಹಾಸಿಗೆ, ಬೆಣ್ಣೆಯಂತೆ ಮೆತ್ತಗಿತ್ತು.

"ಏಳೇ! ಆ ಕಡೆ ಹಿಡ್ಕೋ!" ಅಂತ ಹೆಂಡತಿಗೆ ಅಂದ.

"ಇದನ್ನಾ? ಚಂಡಮಾರುತ ಬರುತ್ತೆ ಅಂದ್ರಲ್ರೀ!"

"ಬರುತ್ತೆ. ಅದಕ್ಕೇ ಹಿಡ್ಕೋ!"

ಗಂಡ ಹೆಂಡತಿ ಹಾಸಿಗೆ ಹೊತ್ತು ಮಹಡಿಗೆ ಏರಿದರು. ಬೀದಿಯ ಕಣ್ಣುಗಳೆಲ್ಲ ಅತ್ತ ತಿರುಗಿದವು. ಬಿಸಿಲಪ್ಪ ಹಾಸಿಗೆಯನ್ನು ಅಗಲವಾಗಿ ಹರವಿ, ಅದರ ಮೇಲೆ ಹತ್ತಿ ನಿಂತು ಗಂಟಲು ಹರಿಯುವಂತೆ ಕೂಗಿದ: "ಕೇಳ್ರಪ್ಪೋ! ಬೆಳಿಗ್ಗೆ ನಾನು ಹೇಳಿದ್ದು ತಪ್ಪು! ಚಂಡಮಾರುತ ಬರಲ್ಲ! ಕಡುಬಿಸಿಲು! ಧಾರಾಳವಾಗಿ ಒಣಗಿಸ್ಕೊಳ್ಳಿ!"

ದರ್ಜಿಯ ಕೈಯಿಂದ ಕೋಲು ಬಿತ್ತು.

"ಅಯ್ಯಯ್ಯೋ, ಕೆಟ್ವಲ್ಲಪ್ಪೋ! ಬಿಸಿಲು ಅಂದ್ಬಿಟ್ಟ!"

ಆಮೇಲೆ ನಡೆದದ್ದನ್ನು ನೋಡಲು ಎರಡು ಕಣ್ಣು ಸಾಲದು. ಹಾಸಿಗೆಗಳು ಮೆಟ್ಟಿಲಲ್ಲಿ ಉರುಳಿದವು, ಸೂರಿನ ಮೇಲೆ ಮರಳಿನ ಚೀಲ ಏರಿದವು, ಕಿಟಕಿಗಳಿಗೆ ಮೊಳೆ ಬಿದ್ದವು. ಸುದ್ದಿ ಸಮುದ್ರಕ್ಕೆ ಮುಟ್ಟಿದ್ದೇ ತಡ, ದೋಣಿಯಮ್ಮ, "ಎಳೀರೋ, ಎಲ್ಲಾನೂ ಮೇಲಕ್ಕೆ ಎಳೀರೋ!" ಎಂದು ತಾವೇ ಹಗ್ಗಕ್ಕೆ ಕೈ ಹಾಕಿದರು. ಊಟದ ಪಾತ್ರೆ ಸಮೇತ ಬೀದಿಯ ಜನ ಶಾಲೆಯ ಗಟ್ಟಿ ಕಟ್ಟಡ ಸೇರಿದರು. ಬಿಸಿಲಪ್ಪ ಮಹಡಿಯಿಂದ ಇಳಿಯಲಿಲ್ಲ. ಹಾಸಿಗೆ ಒಳಗೆ ಹೋದರೆ ಬೀದಿ ಮತ್ತೆ ಹೊರಗೆ ಬರುತ್ತದೆಂಬ ಭಯ. ಕೊನೆಯ ಮನೆಗೆ ಬೀಗ ಬಿದ್ದದ್ದನ್ನು ಕಂಡ ಮೇಲೆಯೇ ಹೆಂಡತಿ ಅತ್ತೆಯರನ್ನು ಕರೆದುಕೊಂಡು ಗಾಳಿಗೆ ಬಗ್ಗಿ ಶಾಲೆಗೆ ಓಡಿದ.

ಸಂಜೆ ಅವನು ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೇ ಚಂಡಮಾರುತ ಬಂತು. ಮರಗಳನ್ನು ಬುಡಮೇಲು ಮಾಡಿ, ಬಂದರಿನ ಗೋಡೆಯನ್ನು ಕೆಡವಿ, ಊರನ್ನು ಹಿಂಡಿ ಹೋಯಿತು.

ಬೆಳಿಗ್ಗೆ ನಿಜವಾದ ಕಡುಬಿಸಿಲು. ಒಬ್ಬರಿಗೂ ತರಚು ಗಾಯವಿಲ್ಲ. ದೋಣಿಗಳೆಲ್ಲ ದಡದ ಮೇಲೆ ಸಾಲಾಗಿ ಕೂತಿದ್ದವು. ಆ ಪೋಕರಿ ಹುಡುಗರು ಕೆಸರಲ್ಲಿ ಜಾರಿ ಬೀಳುತ್ತ ನಗುತ್ತಿರುವುದನ್ನು ನೋಡಿ ಬಿಸಿಲಪ್ಪನಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಸಾಹೇಬರ ಫೋನೂ ಬಂತು: "ಶಭಾಷ್ ಕಣ್ರೀ! ಕೂದಲೆಳೆಯಷ್ಟೂ ತಪ್ಪಲಿಲ್ಲ!"

ಮೀಸೆ ತಿರುವುತ್ತ ಬೀದಿಗೆ ಬಂದರೆ ಜನ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಿದ್ದರು. ಅವನನ್ನು ಕಂಡೊಡನೆ ತಟ್ಟುವುದನ್ನು ಬಿಟ್ಟು ಸುತ್ತುವರಿದರು.

"ಬನ್ನಿ ಸಾರ್," ದರ್ಜಿ ಸೊಂಟದ ಮೇಲೆ ಕೈಯಿಟ್ಟ. "ಬೆಳಿಗ್ಗೆ ಬರುತ್ತೆ ಅಂದಿದ್ರಿ. ಅದೇ ಮಾತಿಗೆ ನಿಂತಿದ್ರೆ ಅದು ಬರ್ತಾನೇ ಇರ್ಲಿಲ್ಲ. ಮಧ್ಯಾಹ್ನ ಯಾಕೆ ಮಾತು ಬದಲಾಯಿಸಿದ್ರಿ?"

"ಅಯ್ಯೋ, ನಿಮ್ಮನ್ನ ಉಳಿಸೋಕೆ ಬೇಕಂತಲೇ ಹಾಗಂದೆ!"

"ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ, ಹಾಗಾಯ್ತು," ದೋಣಿಯಮ್ಮ ಕನಿಕರದಿಂದ ಅಂದರು. "ಬೇಕಂತ ಅಂದೋನು ಮದುವೆ ಹಾಸಿಗೆ ಹೊರಗೆ ಹಾಕ್ತಾನಾ? ಅದು ಹಾರಿ ಸಮುದ್ರಕ್ಕೆ ಹೋಗಿದ್ದನ್ನ ಶಾಲೆ ಕಿಟಕೀಲಿ ಎಲ್ರೂ ನೋಡಿದ್ವಿ. ಹೋಗ್ಲಿ ಬಿಡು ತಮ್ಮಾ. ಇನ್ಮೇಲೆ ಏನೇ ಆದ್ರೂ ಚಂಡಮಾರುತ ಬರುತ್ತೆ ಅಂತಲೇ ಹೇಳ್ತಾ ಇರು. ನಾವು ನೆಮ್ಮದಿಯಾಗಿರ್ತೀವಿ."

ಬಿಸಿಲಪ್ಪ ಮನೆಗೆ ಬಂದು ಬರಿಯ ಮಂಚದ ಮೇಲೆ ಕೂತ. ಫೋನು ಮತ್ತೆ ಗುನುಗಿತು. ಈ ಸಲ ಸಾಹೇಬರ ದನಿಯಲ್ಲಿ ಬೆಣ್ಣೆಯಿತ್ತು: "ಸಮುದ್ರದಲ್ಲಿ ಇನ್ನೊಂದು ಸುಳಿ ಎದ್ದಿದೆ ಕಣ್ರೀ, ಇದೂ ನಮ್ಮೂರಿಗೇ. ಇದರ ಎಚ್ಚರಿಕೆಗೂ ನಿಮ್ಮ ಹೆಸರೇ ಇರಲಿ. ಟೀವಿಯೋರು ಆಗ್ಲೇ ಹಾಕಿಯಾಯ್ತು."

ಹೊರಗೆ ಮೆಟ್ಟಿಲ ಮೇಲೆ ಏನೋ ಭಾರವಾದದ್ದನ್ನು ಎಳೆಯುವ ಸದ್ದು, ಒಂದಲ್ಲ, ಸಾಲಾಗಿ ಎಲ್ಲ ಮನೆಗಳಿಂದ. ಬಿಸಿಲಪ್ಪ ಎದ್ದು ಒಳಕೋಣೆಗೆ ಹೋದ. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಹಾಸಿಗೆಯ ಮೇಲೆ ಹೆಂಡತಿಯ ತಾಯಿ ನೆಮ್ಮದಿಯಾಗಿ ಕಾಲು ಚಾಚಿ ಮಲಗಿದ್ದರು.

"ಅತ್ತೇ," ಅಂದ ಅವನು ಮೆಲ್ಲಗೆ, "ಒಂಚೂರು ಏಳ್ತೀರಾ?"