ದೊರೆಯ ಪರವಾಗಿ ಬಿದ್ದವನು

ಸತ್ತ ದೊರೆ ವ್ಲೊದ್ಕೊನ ಮೈಕಟ್ಟೂ ತನ್ನದೂ ಒಂದೇ ಆಗಿದ್ದದ್ದು ಪಾಕೊಶ್‌ನ ದುರದೃಷ್ಟ. ಮೊಕ್ರೊವೊ ಸಂಸ್ಥಾನದಲ್ಲಿ ದೊರೆ ತೀರಿಕೊಂಡರೆ ಅವನ ಉಕ್ಕಿನ ಕವಚ ತೊಟ್ಟ ಒಬ್ಬಾತ ಕುದುರೆಯ ಮೇಲೆ ಇಗರ್ಜಿಯೊಳಗೇ ಹೋಗಿ, ಶವಪೆಟ್ಟಿಗೆಯ ಎದುರು ಧೊಪ್ಪನೆ ಬೀಳಬೇಕು. ಅವನು ಬೀಳುವ ತನಕ ದೊರೆ ಸತ್ತಂತಲ್ಲ. ಮಕ್ಕಳು ರಾಜ್ಯ ಹಂಚಿಕೊಳ್ಳುವಂತಿಲ್ಲ. ಹಿಂದಿನ ದೊರೆಗಾಗಿ ಬಿದ್ದವನು ಮತ್ತೆ ಏಳಲೇ ಇಲ್ಲ. ಒಂದೇ ಪೂಜೆಯಲ್ಲಿ ಇಬ್ಬರ ಮಣ್ಣು ಮುಗಿದಿತ್ತು.

ಮೇಣದಬತ್ತಿ ಮಾಡಿ ಮಾರುತ್ತಿದ್ದ ಪಾಕೊಶ್ ಕತ್ತೆಯನ್ನೂ ಏರಿದವನಲ್ಲ. ಬೆಳಗ್ಗೆ ಅರಮನೆಯ ಪಾರುಪತ್ಯಗಾರ ಝೆಗೋತಾ ಬಂದು, ಹಗ್ಗದಿಂದ ಅವನ ಎದೆ ಅಳೆದು, ಶವಪೆಟ್ಟಿಗೆಯ ಬಡಗಿಯಂತೆ ತೃಪ್ತಿಯಿಂದ ತಲೆಯಾಡಿಸಿದ.

"ಧಣಿ, ನಂಗೆ ಬೀಳೋಕೆ ಬರಲ್ಲ," ಎಂದ ಪಾಕೊಶ್.

"ಹತ್ತೋಕೇ ಬರದವ್ನಿಗೆ ಬೀಳೋದು ಕಲಿಸ್ಬೇಕೇನೋ?"

ಸುದ್ದಿ ತಿಳಿದು ನೆರೆಯವರು ನುಗ್ಗಿದರು. ಎಡಕ್ಕೆ ಬಿದ್ದರೆ ಎಲುಬು ಉಳಿಯುತ್ತದೆ ಎಂದು ಕಮ್ಮಾರ ಮ್ರೊಚ್ಕೊ, ಬಲಕ್ಕೆ ಬಿದ್ದರೆ ಆತ್ಮ ಉಳಿಯುತ್ತದೆ ಎಂದು ಅವನ ಹೆಂಡತಿ. ಮೇಣ ಕರಗಿಸುವ ಕಡಾಯಿ ಮುಂದೆ ಯಾರಿಗೆ ಎಂದೂ ಮೆಲ್ಲಗೆ ವಿಚಾರಿಸಿದರು. ಪಾಕೊಶ್‌ನ ಹೆಂಡತಿ ಬೋಗ್ನಾ ಮಾತ್ರ ಅರಮನೆಯಿಂದ ಬಂದ ಕವಚದೊಳಗೆ ಹುಲ್ಲು ತುರುಕಿ, ಅವನನ್ನು ಕುದುರೆ ಹತ್ತಿಸಿ ತೊಡೆಗಳನ್ನು ಜೀನಿಗೆ ಬಿಗಿದು ಕಟ್ಟಿದಳು.

"ದೊರೆ ಹೆಂಗೂ ಸತ್ತಾಯ್ತು. ನೀವು ಮನೆಗ್ ಬನ್ನಿ."

ಇಗರ್ಜಿ ಬಾವಿಯಂತೆ ತಣ್ಣಗಿತ್ತು. ಮೂವರು ರಾಜಕುಮಾರರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಶವಪೆಟ್ಟಿಗೆಯ ಮುಂದೆ ಕುದುರೆ ನಿಂತಿತು. ಪಾಕೊಶ್ ಕಣ್ಣು ಮುಚ್ಚಿ ಎಡಕ್ಕೆ ವಾಲಿದ. ಬೀಳಲಿಲ್ಲ; ಒಣಹಾಕಿದ ಮೀನಿನಂತೆ ಜೋತಾಡಿದ. ಬಲಕ್ಕೆ ವಾಲಿದ. ಅಲ್ಲೂ ಅಷ್ಟೆ. ಪಾದ್ರಿ ಮುಗಿದ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹಿಡಿದ. ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು.

"ಅಪ್ಪ ಬದುಕಿದ್ದಾಗ್ಲೂ ಹಿಂಗೇ," ಎಂದ ಹಿರಿಯ ರಾಜಕುಮಾರ. "ಜಾಗ ಬಿಡ್ತಾನೇ ಇರ್ಲಿಲ್ಲ."

ಕೊನೆಗೆ ಝೆಗೋತಾ ಕುದುರೆಯ ಮೈ ಸವರುವವನಂತೆ ಬಂದು ಕಟ್ಟುಗಳನ್ನು ಕೊಯ್ದ. ಊರಿನ ಪಾತ್ರೆಯೆಲ್ಲ ಒಟ್ಟಿಗೆ ಉರುಳಿದ ಸದ್ದಾಯಿತು.

ಕಲ್ಲುನೆಲದ ಮೇಲೆ ಪಾಕೊಶ್ ಮೊದಲು ಕಾಲ್ಬೆರಳು ಆಡಿಸಿದ, ಆಮೇಲೆ ಕುತ್ತಿಗೆ. ಒಂದು ಪಕ್ಕೆಲುಬು ಹೋಗಿತ್ತು, ಜೀವ ಇತ್ತು. ಬೋಗ್ನಾಳ ನೆನಪಾಗಿ ಅಳು ಬಂತು.

ಝೆಗೋತಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. "ಚೆನ್ನಾಗ್ ಬಿದ್ದೆ ಕಣೋ. ನೀನು ಬಿದ್ದ ಗಳಿಗೆಗೇ ರಾಜ್ಯ ಮೂರು ಪಾಲಾಯ್ತು."

"ಹಂಗಾದ್ರೆ ನಾನು ಮನೆಗೆ..."

"ಇದು ಹಿರಿಯರ ಪಾಲಿನ ಇಗರ್ಜಿ. ನಡುವಿನವರ ಪಾಲಲ್ಲಿ ದೊರೆ ಇನ್ನೂ ಸತ್ತಿಲ್ವಲ್ಲ. ಅಲ್ಲಿಗೆ ನಾಳೆ. ನಾಡಿದ್ದು ಕಿರಿಯರಲ್ಲಿ."

ಆಳುಗಳು ಪಾಕೊಶ್‌ನ ಮೈಮೇಲಿನ ಕವಚದ ಭಾಗಗಳನ್ನು ಒಂದೊಂದಾಗಿ ಬಿಚ್ಚಿ ಬೇರೆ ಬೇರೆ ಚೀಲಕ್ಕೆ ತುಂಬುತ್ತಿದ್ದರು.

"ಅದನ್ಯಾಕೆ ಬಿಚ್ತಿದಾರೆ ಧಣಿ?"

"ಅದೂ ಪಾಲಾಯ್ತಲ್ಲಪ್ಪ. ಯಾರ ಪಾಲಲ್ಲಿ ಬೀಳ್ತೀಯೋ ಅವ್ರಿಗೆ ಬಂದಷ್ಟೇ ತೊಡ್ಬೇಕು. ಎದೆಗವಚ ಹಿರಿಯರಿಗೆ, ಶಿರಸ್ತ್ರಾಣ ನಡುವಿನವರಿಗೆ."

"ಕಿರಿಯರಿಗೆ?"

"ಕೈಗವಸು."