ನನ್ನ ಮಾವನವರ ಮೊಣಕೈ

ಸತ್ತವರ ಮೇಲೆ ನನಗಿರುವ ಪ್ರೀತಿಯಲ್ಲಿ ಕಾಲುಭಾಗ ಬದುಕಿರುವವರ ಮೇಲಿದ್ದಿದ್ದರೆ ನಮ್ಮ ಅಡುಗೆಮನೆಯ ಸೋರುವ ನಲ್ಲಿ ಎಂದೋ ರಿಪೇರಿಯಾಗಿರುತ್ತಿತ್ತು ಎಂಬುದು ನನ್ನ ಹೆಂಡತಿ ವೆರ್ನಾಳ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನಾನು ಫೇಸ್‌ಬುಕ್ಕಿನಲ್ಲಿ ನಮ್ಮೂರ ಹೆಸರಿನ ‘ಸಿಲ್ವರ್ ಗಲ್ಚ್ ಗತವೈಭವ’ ಎಂಬ ಗುಂಪಿನ ಸಂಸ್ಥಾಪಕ, ಸಂಚಾಲಕ, ಸರ್ವಾಧಿಕಾರಿ ಎಲ್ಲವೂ ಆಗಿದ್ದೇನೆ. ಹಳೆಯ ಸೈನಿಕರು, ಹಳೆಯ ಕಾರುಗಳು, ಬೆಳ್ಳಿ ಅಗೆಯಲು ಬಂದವರು ಹಲಗೆ ಬಡಿದು ಎಬ್ಬಿಸಿದ ನಮ್ಮ ಮೊಂಟಾನಾದ ಊರುಗಳು, ಇವುಗಳ ಫೋಟೋ ಬಿಟ್ಟು ಬೇರೇನನ್ನೂ ಅಲ್ಲಿ ಹಾಕುವಂತಿಲ್ಲ. ಸದಸ್ಯರು ನಾಲ್ಕು ಸಾವಿರ. ಎಲ್ಲರೂ ನನ್ನ ವಯಸ್ಸಿನವರೇ. ಪುರುಸೊತ್ತು ಧಾರಾಳ, ಕೋಪ ಅದಕ್ಕಿಂತ ಧಾರಾಳ.

ಒಂದು ಫೋಟೋ ಹಾಕಿದರೆ ಸಾಕು, ಅದರಲ್ಲಿರುವ ಕಾರು ಯಾವ ವರ್ಷದ್ದು ಎಂಬ ಮಹಾಸಮರ ಶುರುವಾಗುತ್ತದೆ. ದೀಪದ ಸುತ್ತಿನ ಬಳೆ, ಬಾಗಿಲಿನ ಹಿಡಿ, ಮುಂದಿನ ಜಾಲರಿ, ಎಲ್ಲದಕ್ಕೂ ಪಂಡಿತರಿದ್ದಾರೆ. (ಫೋಟೋದಲ್ಲಿ ಮನುಷ್ಯರಿದ್ದರೆ ಅವರನ್ನು ಕಾರಿನ ಎತ್ತರ ಅಳೆಯಲು ಬಳಸಿಕೊಳ್ಳುತ್ತೇವೆ.)

ಕಳೆದ ಏಪ್ರಿಲ್‌ನಲ್ಲಿ ಊರಾಚೆ ದನ ಸಾಕುತ್ತಿದ್ದ ಹಳೆಯ ರಾಂಚೊಂದರ ಸಾಮಾನಿನ ಹರಾಜಿಗೆ ಹೋಗಿದ್ದೆ. ಅಲ್ಲಿನ ಪೆಟ್ಟಿಗೆಯೊಂದರಲ್ಲಿ ಒಂದು ಫೋಟೋ ಕಂಡಿತು. ನಮ್ಮೂರ ದೊಡ್ಡಬೀದಿ, ಒಂದು ಹಡ್ಸನ್ ಕಾರು, ಅದಕ್ಕೆ ಮೊಣಕೈ ಊರಿ ನಿಂತ ಒಬ್ಬ ಸೈನಿಕ. ಪೆಟ್ಟಿಗೆ ಯಾರದೋ ಪಾಲಾಗಿ ಹೋಗುವ ಮೊದಲು ಮೊಬೈಲಿನಲ್ಲಿ ಹಿಡಿದುಕೊಂಡು ಬಂದೆ. ‘ಅನಾಮಿಕ ಸೈನಿಕ, ನಲವತ್ತೊಂಬತ್ತನೇ ಇಸವಿಯ ಹಡ್ಸನ್’ ಎಂದು ಬರೆದು ಗುಂಪಿಗೆ ಹಾಕಿದೆ.

ಹತ್ತೇ ನಿಮಿಷ. ಓಹಾಯೋದ ಎಮ್ಮೆಟ್ ಎಂಬ ತೊಂಬತ್ತಮೂರರ ಮುದುಕ, ಮಾಜಿ ಮೆಕ್ಯಾನಿಕ್ಕು, ‘ಇದು ನಲವತ್ತೆಂಟು’ ಎಂದು ಬರೆದ. ನಾನು ನಲವತ್ತೊಂಬತ್ತು ಎಂದೆ. ಆ ಎರಡು ವರ್ಷದ ಹಡ್ಸನ್‌ಗಳು ನೋಡಲು ಅವಳಿಜವಳಿ. ಆದ್ದರಿಂದಲೇ ಜಗಳ ಮೂರು ದಿನ ನಡೆಯಿತು. ‘ಧೈರ್ಯವಿದ್ದರೆ ಫೋನ್ ಮಾಡು’ ಎಂದು ಅವನು ನಂಬರನ್ನೂ ಕೊಟ್ಟ. ಕೊನೆಗೆ ಅವನ ಬಾಯಿ ಮುಚ್ಚಿಸಲು, ಕಾರಿನ ದೀಪ ದೊಡ್ಡದಾಗಿ ಕಾಣಲಿ ಎಂದು ಸೈನಿಕನನ್ನು ಕತ್ತರಿಸಿ ತೆಗೆದೆ. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿ, ಎಮ್ಮೆಟ್‌ನನ್ನು ಗುಂಪಿನಿಂದ ಗಡೀಪಾರು ಮಾಡಿದೆ. ‘ಮೂಲ ಚಿತ್ರದ ಮೇಲೇ ಉಳಿಸಲೇ?’ ಎಂದು ಮೊಬೈಲು ಕೇಳಿದ್ದಕ್ಕೆ ಹೂಂ ಎಂದೆ. (ಮೊಬೈಲು ಕೇಳಿದರೂ ಹೆಂಡತಿ ಕೇಳಿದರೂ ನಾನು ಪ್ರಶ್ನೆ ನೋಡದೆ ಹೂಂ ಎನ್ನುವವನು.)

ಮರುದಿನ ಬೆಳಿಗ್ಗೆ ವೆರ್ನಾ ಪ್ಯಾನ್‌ಕೇಕ್ ಹುಯ್ಯುತ್ತಿದ್ದಾಗ ಪಕ್ಕದೂರಿನಿಂದ ಅವಳ ಸೋದರತ್ತೆ ಐಡೆಲ್ಲಾಳ ಫೋನು ಬಂತು. ಅತ್ತೆಗೆ ತೊಂಬತ್ತು ವರ್ಷ. ಕಿವಿ ಮಂದವಾದ್ದರಿಂದ ಅವಳು ಮಾತಾಡಿದರೆ ಬೀದಿಗೇ ಕೇಳುತ್ತದೆ.

"ಪುಟ್ಟೀ, ನಿನ್ನ ಗಂಡ ನಿಮ್ಮಪ್ಪನ್ನ ಏನು ಮಾಡ್ದ?"

"ಅಪ್ಪನ್ನಾ? ಏನತ್ತೆ ಹೀಗಂತೀರಾ?"

"ಫೋನಲ್ಲಿ ಹಾಕಿದಾನಲ್ಲೇ ಆ ಕಾರು, ಅದು ನಮ್ಮ ಆರಿನ್‌ದು! ಮಡ್‌ಗಾರ್ಡು ನೆಗ್ಗಿದೆ ನೋಡು, ಮೇವಿನ ಅಂಗಡಿ ಕಂಬಕ್ಕೆ ಗುದ್ದಿದ್ದು. ಪಕ್ಕದಲ್ಲಿ ನಾನೇ ಕೂತಿದ್ದೆ. ಅದರ ಮೇಲಿರೋ ಮೊಣಕೈನೂ ಅವನದೇ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತೇ?"

(ಪೂರ್ತಿ ಫೋಟೋ ಇದ್ದ ಮೂರು ದಿನ ಅತ್ತೆಯ ಕನ್ನಡಕ ರಿಪೇರಿಯಲ್ಲಿತ್ತು. ಗ್ರಹಚಾರ ಎಂದರೆ ಇದು.)

ವೆರ್ನಾಳ ಅಪ್ಪ ಆರಿನ್ ಕೊರಿಯಾ ಯುದ್ಧಕ್ಕೆ ಹೋದಾಗ ಇವಳಿಗೆ ಒಂದು ವರ್ಷ. ಅವರು ಮರಳಲಿಲ್ಲ. ಆಮೇಲೆ ಮನೆಗೆ ಬೆಂಕಿ ಬಿದ್ದು ಇದ್ದ ಫೋಟೋಗಳೆಲ್ಲ ಸುಟ್ಟುಹೋದವು. ಅಪ್ಪನ ಮುಖ ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ. ಊರವರ ಅಜ್ಜ ಮುತ್ತಜ್ಜಂದಿರ ಮೂವತ್ತು ಸಾವಿರ ಫೋಟೋ ಕೂಡಿಟ್ಟ ನಾನು, ಕೈಗೆ ಸಿಕ್ಕ ಸ್ವಂತ ಮಾವನನ್ನು ಕತ್ತರಿಸಿ ಎಸೆದಿದ್ದೆ.

ವೆರ್ನಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಲೆ ಆರಿಸಿ ಮೆಲ್ಲಗೆ ಕೇಳಿದಳು.

"ನೋಡೋಕೆ ಹೇಗಿದ್ರು ರೀ?"

ನೆನಪಿಸಿಕೊಳ್ಳಲು ಹೆಣಗಾಡಿದೆ. ದೀಪ ನೆನಪಿತ್ತು, ಜಾಲರಿ ನೆನಪಿತ್ತು, ಟೈರಿನ ಬಿಳಿ ಪಟ್ಟಿಯೂ ನೆನಪಿತ್ತು.

"ನಾನು... ದೀಪ ನೋಡ್ತಿದ್ದೆ ಕಣೇ."

ಅವಳು ಹೊರಗೆ ಹೋಗಿ ಜಗಲಿಯಲ್ಲಿ ಕುಳಿತಳು. ಹರಾಜು ನಡೆಸಿದವರಿಗೆ ಫೋನ್ ಮಾಡಿದರೆ ಪೆಟ್ಟಿಗೆ ಕೊಂಡವರು ಯಾರೋ ಗೊತ್ತಿಲ್ಲ ಎಂದರು. ಇಡೀ ಫೋಟೋವನ್ನು ಜೋಪಾನ ಮಾಡಿರಬಹುದಾದ ಪ್ರಾಣಿ ಭೂಮಿಯ ಮೇಲೆ ಒಂದೇ ಇತ್ತು. ಮಾನ ಮರ್ಯಾದೆ ಬದಿಗಿಟ್ಟು ಓಹಾಯೋಗೆ ಫೋನ್ ಮಾಡಿದೆ.

"ಎಮ್ಮೆಟ್‌ರವರೇ, ಆ ಹಡ್ಸನ್ ಫೋಟೋ ಇಟ್ಕೊಂಡಿದೀರಾ?"

"ಇಟ್ಕೊಳ್ದೆ? ದೊಡ್ಡದು ಮಾಡಿಸಿ ಗೋಡೆಗೇ ಅಂಟಿಸಿದೀನಿ. ನೀನು ಸುಳ್ಳ ಅನ್ನೋದಕ್ಕೆ ಸಾಕ್ಷಿ ಬೇಕಲ್ಲಪ್ಪಾ!"

ನಡೆದದ್ದನ್ನೆಲ್ಲ ಹೇಳಿದೆ.

"ನಾನೂ ಕೊರಿಯಾದಲ್ಲಿದ್ದವನು ಕಣಯ್ಯಾ. ಈಗಲೇ ಕಳಿಸ್ತೀನಿ, ಆ ಮಗೂಗೆ ತೋರ್ಸು." (ಮಗುವಿಗೆ ಎಪ್ಪತ್ತೈದು.) ಆಮೇಲೆ ಕೆಮ್ಮಿ, "ಆದ್ರೆ ಅದು ನಲವತ್ತೆಂಟೇ" ಎಂದ.

"ನಲವತ್ತೆಂಟೇ ಎಮ್ಮೆಟ್‌ರವರೇ" ಎಂದೆ. ಅಷ್ಟೇ ಅಲ್ಲ, ‘ನನ್ನದೇ ತಪ್ಪು, ಎಮ್ಮೆಟ್‌ರವರೇ ಸರಿ’ ಎಂದು ಗುಂಪಿನಲ್ಲಿ ಬರೆದೆ. ಆರುನೂರು ಜನ ಹಲ್ಲು ಕಿರಿದರು.

ಫೋಟೋ ಬಂತು. ವೆರ್ನಾ ಕನ್ನಡಕ ಏರಿಸಿಕೊಂಡು ಮುಖವನ್ನಷ್ಟೇ ದೊಡ್ಡದು ಮಾಡಿದಳು. ಓರೆ ಟೋಪಿ, ಯಾರೋ ತಮಾಷೆ ಮಾಡಿದ್ದಕ್ಕೆ ಬಿಟ್ಟ ಬಾಯಿ, ಮೊರದಗಲ ಕಿವಿ. ಅವಳ ಕೈ ತನ್ನ ಕಿವಿಗೇ ಹೋಯಿತು.

"ಈ ಕಿವಿ ಯಾರ ಕಡೆಯಿಂದ ಬಂತೋ ಅಂತ ಇಷ್ಟು ವರ್ಷ ಅಮ್ಮನ ಕಡೆಯವ್ರನ್ನ ಬೈಕೊಂಡೆ ರೀ" ಎಂದು ನಕ್ಕಳು, ನಗುತ್ತಲೇ ಅತ್ತಳು. ನಾನೂ ಅತ್ತೆ. ಎಮ್ಮೆಟ್‌ಗೆ, ಅವನ ಹಟಕ್ಕೆ, ಆ ಫೋಟೋವನ್ನು ಅಷ್ಟು ವರ್ಷ ಎಸೆಯದೆ ಇಟ್ಟಿದ್ದ ರಾಂಚಿನ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ. ಅಷ್ಟು ಋಣಿಯಾಗಿ ನಾನು ಎಂದೂ ಇರಲಿಲ್ಲ.

ಭಾನುವಾರ ಫೋಟೋ ನೋಡಲು ಐಡೆಲ್ಲಾ ಅತ್ತೆ ಬಂದಳು. ಅಣ್ಣನ ಮುಖಕ್ಕೆ ಮುತ್ತಿಟ್ಟು ಹೇಳಿದಳು.

"ಅಂಗಡಿಯವ್ನು ನಲವತ್ತೆಂಟರದ್ದು ತಗೋ ಅಂದ್ರೆ ನಿಮ್ಮಪ್ಪ ಒಲ್ಲೆ ಅಂದ ಪುಟ್ಟೀ. ಮಗು ಹುಟ್ಟಿದ ವರ್ಷದ್ದೇ ಬೇಕು ಅಂತ ಕಾದು ಕಾದು ನಲವತ್ತೊಂಬತ್ತರದ್ದನ್ನೇ ತಂದ."

ನಾನು ಕುರ್ಚಿಯಿಂದ ಚಂಗನೆ ಹಾರಿದೆ. ಕೈ ಆಗಲೇ ಫೋನಿನ ಮೇಲಿತ್ತು.

"ರೀ, ಅದನ್ನ ಕೆಳಗಿಡಿ."

"ನಾನು ಹೇಳಿದ್ದೇ ಸರಿ ಕಣೇ! ಮದುವೆಯಾಗಿ ಐವತ್ತೆರಡು ವರ್ಷದಲ್ಲಿ ಇದೇ ಮೊದಲ ಸಲ..."

"ನಮ್ಮಪ್ಪನ್ನ ತಂದುಕೊಟ್ಟವರು ಎಮ್ಮೆಟ್‌ರವ್ರು. ಅವ್ರ ಪ್ರಕಾರ ಅದು ಯಾವ ವರ್ಷದ್ದು?"

"ನಲವತ್ತೆಂಟು."

"ಹಾಗಾದ್ರೆ ಅವ್ರು ಇರೋವರೆಗೂ ನಿಮ್ಮ ಪ್ರಕಾರವೂ ಅದೇ."

ಎಮ್ಮೆಟ್‌ಗೆ ಈಗ ತೊಂಬತ್ತನಾಲ್ಕು, ಗಟ್ಟಿಮುಟ್ಟಾಗಿದ್ದಾನೆ. ದಿನಾ ಬೆಳಿಗ್ಗೆ ವೆರ್ನಾಗೆ ಫೋನ್ ಮಾಡಿ ಕೊರಿಯಾದ ಕಥೆ ಹೇಳುತ್ತಾನೆ. ಇಡುವ ಮೊದಲು ನನ್ನನ್ನು ಕರೆಸುತ್ತಾನೆ.

"ಏನಪ್ಪಾ, ಅದು ಯಾವ ವರ್ಷದ್ದು?"

ವೆರ್ನಾ ಕಾಫಿ ಜಗ್ಗು ಹಿಡಿದು ಎದುರಿಗೇ ನಿಂತಿರುತ್ತಾಳೆ.

"ನಲವತ್ತೆಂಟು, ಸ್ವಾಮೀ" ಎನ್ನುತ್ತೇನೆ. ಆಮೇಲೆಯೇ ನನಗೆ ಕಾಫಿ.